ಡೀಸೆಲ್ ಶೆಡ್ಡಿಗೆ ಎಂಥ ವೈರಿಂಗ್?

ಪ್ರಶ್ನೆ: ಕಾಫಿ ತೋಟದ ತಗಡಿನ ಶೆಡ್ಡಿನಲ್ಲಿ 990 ಲೀಟರಿನ ಡೀಸೆಲ್ ಟ್ಯಾಂಕ್ ಇದೆ. ಕಳೆ ಕೊಚ್ಚುವ ಯಂತ್ರಕ್ಕೆಂದು 20 ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನ್ ಪೆಟ್ರೋಲೂ ಅಲ್ಲೇ ಇರುತ್ತದೆ. ಒಳಗೆ ಸ್ವಿಚ್ ಬೋರ್ಡ್, ಡೀಸೆಲ್ ಎತ್ತಲು ಅರ್ಧ ಎಚ್‌ಪಿ ಮೋಟಾರ್ ಇವೆ. ಬಲ್ಬ್ ತೆಗೆದು ಫ್ಲೇಮ್‌ಪ್ರೂಫ್ ಲೈಟ್ ಹಾಕಿದರೆ ಸಾಕೇ?
(ಸಕಲೇಶಪುರದ ಓದುಗರು)

ಉತ್ತರ: ಸಾಲದು. ಮೊದಲು ಪೆಟ್ರೋಲನ್ನು ಇವತ್ತೇ ಆ ಶೆಡ್ಡಿನಿಂದ ತೆಗೆಸಿ, ವೈರಿಂಗ್ ಆಮೇಲಿನ ಮಾತು. ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಡೀಸೆಲ್ ಕನಿಷ್ಠ 35 ಡಿಗ್ರಿಗೆ ಕಾಯಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಬಿಡುತ್ತದೆ. ಗಾಳಿಯಲ್ಲಿ ಅದರ ಆವಿ ನೂರಕ್ಕೆ ಒಂದೂವರೆ ಪಾಲು ಸೇರಿದರೆ ಒಂದು ಕಿಡಿ ಸಾಕು. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ನೆಲ ಹಿಡಿದು ಹರಿದು ಗುಂಡಿ, ಚರಂಡಿ, ಕೇಬಲ್ ಪೈಪುಗಳಲ್ಲಿ ಮಡುಗಟ್ಟುತ್ತದೆ. ಕಾನೂನಿನಂತೆಯೂ ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ ಇಡಬಹುದಾದ ಪೆಟ್ರೋಲ್ 30 ಲೀಟರ್ ಮಾತ್ರ, ಅದೂ 25 ಲೀಟರ್ ಮೀರದ ಲೋಹದ ಡಬ್ಬಿಯಲ್ಲಿ. ಡೀಸೆಲ್ಲಿಗೆ ಒಟ್ಟು 2500 ಲೀಟರ್, ಒಂದು ಪಾತ್ರೆಗೆ 1000 ಲೀಟರ್ ಮಿತಿ. ನಿಮ್ಮ ಟ್ಯಾಂಕ್ ಅದರೊಳಗೇ ಇದೆ.

ಇನ್ನು ಫ್ಲೇಮ್‌ಪ್ರೂಫ್. ಅದು ಆವಿಯನ್ನು ಒಳಗೆ ಬಿಡದ ಪೆಟ್ಟಿಗೆ ಎಂದು ಅನೇಕ ಎಲೆಕ್ಟ್ರಿಷಿಯನ್ನರೂ ತಿಳಿದಿದ್ದಾರೆ. ಆವಿ ಒಳಗೆ ಹೋಗುತ್ತದೆ, ಒಳಗೇ ಸಿಡಿಯಲೂಬಹುದು. ಮುಚ್ಚಳ ಮತ್ತು ಪೆಟ್ಟಿಗೆಯ ನಡುವಿನ ಸಪೂರ ಸಂದಿಯಲ್ಲಿ ಹಾದು ಬರುವಷ್ಟರಲ್ಲಿ ಬೆಂಕಿ ತಣ್ಣಗಾಗುತ್ತದೆ, ಅಷ್ಟೇ ಅದರ ಗುಟ್ಟು. ಆದ್ದರಿಂದ ಒಂದು ಬೋಲ್ಟ್ ಕಾಣೆಯಾದರೂ, ಆ ಸಂದಿಗೆ ಬಣ್ಣವೋ ಸಿಲಿಕಾನೋ ಮೆತ್ತಿದರೂ, ಬಳಸದ ತೂತನ್ನು ಪ್ಲಾಸ್ಟಿಕ್ ಬಿರಡೆಯಿಂದ ಮುಚ್ಚಿದರೂ ದುಬಾರಿ ಲೈಟ್ ಬರೀ ಲೈಟ್ ಆಗುತ್ತದೆ. ಕೇಬಲ್ ಒಳಹೋಗುವಲ್ಲಿ ಡಬಲ್ ಕಂಪ್ರೆಷನ್ ಫ್ಲೇಮ್‌ಪ್ರೂಫ್ ಗ್ಲ್ಯಾಂಡ್ (ಕೇಬಲನ್ನು ಎರಡು ಕಡೆ ಬಿಗಿಯಾಗಿ ಹಿಡಿಯುವ ಲೋಹದ ಕೊರಳು), ಖಾಲಿ ತೂತಿಗೆ ಪ್ರಮಾಣೀಕೃತ ಲೋಹದ ಪ್ಲಗ್ಗೇ ಬೇಕು. ಅಂಗಡಿಯಲ್ಲಿ ಐಪಿ 65 ಎಂದು ಕೊಡುವುದು ಮಳೆ, ದೂಳು ತಡೆಯುವ ಲೈಟ್, ಇದಕ್ಕೆ ನಡೆಯದು. ‘ಎಕ್ಸ್ ಡಿ’ (ಫ್ಲೇಮ್‌ಪ್ರೂಫ್ ಬಗೆ), ಗುಂಪು 2ಎ ಅಥವಾ 2ಬಿ (ಯಾವ ಆವಿಗೆ ತಕ್ಕದ್ದು), ಟಿ3 (ಲೈಟಿನ ಮೈ ಎಷ್ಟು ಬಿಸಿಯಾಗಬಹುದು) ಎಂಬ ಗುರುತು ನೋಡಿ ಕೊಳ್ಳಿ.

ಕೆಪಾಸಿಟರ್ ಸ್ಟಾರ್ಟ್ ಮೋಟಾರಿನ ಒಳಗಿನ ಸ್ವಿಚ್ ಪ್ರತಿ ಸಲ ಚಾಲೂ ಮಾಡುವಾಗಲೂ ಕಿಡಿ ಹಾರಿಸುತ್ತದೆ. ನಿಮ್ಮದು ಆ ಬಗೆಯದಾದರೆ ತೆಗೆದು ಕೈ ಪಂಪ್ ಹಾಕಿ, ತೋಟಕ್ಕೆ ಅದು ಧಾರಾಳ. ಸ್ವಿಚ್ ಬೋರ್ಡನ್ನು ಶೆಡ್ಡಿನ ಹೊರಗೆ, ಎತ್ತರದಲ್ಲಿ ಕೂರಿಸಿ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚೇ ಇರಲಿ. ಒಳಗಿನ ಕೇಬಲ್ ತಾಮ್ರದ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ ಆಗಲಿ, ನಡುವೆ ಜಾಯಿಂಟ್ ಬೇಡ, ಕೇಬಲ್ ಹಾಯುವ ಟ್ರೆಂಚಿಗೆ ಮರಳು ತುಂಬಿ. ಇದಕ್ಕಿಂತಲೂ ನಮಗೆ ಹಿಡಿಸುವ ದಾರಿ: ಗೋಡೆಗೆ ಗಟ್ಟಿ ಗಾಜು ಸೀಲ್ ಮಾಡಿಸಿ, ಲೈಟನ್ನು ಹೊರಗಿನಿಂದಲೇ ಬೆಳಗಿಸುವುದು. ಒಳಗೆ ವೈರೇ ಇಲ್ಲದ ಮೇಲೆ ಕಿಡಿ ಎಲ್ಲಿಂದ?

ಪ್ರಶ್ನೆ: ಟ್ಯಾಂಕಿಗೆ ಕರೆಂಟೇ ಇಲ್ಲ, ಅರ್ತಿಂಗ್ ಯಾಕೆ?

ಉತ್ತರ: ಪೈಪಿನಲ್ಲಿ ಹರಿಯುವ ಎಣ್ಣೆಯೇ ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ, ಅದೂ ಕಿಡಿ ಹಾರಿಸಬಲ್ಲದು. ಕಬ್ಬಿಣದ ಟ್ಯಾಂಕಿಗೆ ಎರಡು ಬೇರೆ ಬೇರೆ ಅರ್ತ್ ಕೊಡಿ. ಬಣ್ಣ ಕೆರೆದು ಲೋಹಕ್ಕೇ ಬಿಗಿಸಿ. ಭೂಮಿಗೆ ರೋಧ 7 ಓಮ್ ಮೀರಬಾರದು. ಮಳೆಗಾಲದಲ್ಲಿ ಅಳೆದರೆ ಒಳ್ಳೆಯ ಲೆಕ್ಕವೇ ಬರುತ್ತದೆ, ಏಪ್ರಿಲ್‌ನ ಒಣ ನೆಲದಲ್ಲಿ ಅಳೆಯಿರಿ. ಡ್ರಮ್ಮಿನಿಂದ ಸುರಿಯುವಾಗ ಮುಚ್ಚಳ ತೆಗೆಯುವ ಮೊದಲೇ ಡ್ರಮ್ಮಿಗೂ ಟ್ಯಾಂಕಿಗೂ ಬಾಂಡಿಂಗ್ ಕ್ಲಾಂಪ್ (ಎರಡನ್ನೂ ತಂತಿಯಿಂದ ಜೋಡಿಸುವ ಹಿಡಿಕೆ) ಹಾಕಿ, ಮುಚ್ಚಳ ಹಾಕಿದ ಮೇಲಷ್ಟೇ ಬಿಚ್ಚಿ.