ತಮ್ಮನನ್ನು ಮುಟ್ಟಲು ಹೆದರಿದ ಅಕ್ಕ

ಸಾಕುನಾಯಿಯಿಂದ ಮಗುವಿಗೆ ಕಾಯಿಲೆ ತಗುಲಿದ ಮನೆಗಳಲ್ಲಿ, ಎಲ್ಲರ ಗಮನ ಆ ಮಗುವಿನ ಮೇಲೆಯೇ ನೆಟ್ಟಿರುವಾಗ, ಇನ್ನೊಂದು ಮಗು ಸದ್ದಿಲ್ಲದೆ ಕುಗ್ಗಿಹೋಗುವುದನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಪೋಷಕರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕಾಗಿಯೇ.

ನಾಲ್ಕು ವರ್ಷದ ಹುಡುಗನ ಒಂದು ಕಣ್ಣಿನ ದೃಷ್ಟಿ ಕುಂದಿತ್ತು. ಪಾಪೆ ಬೆಳ್ಳಗೆ ಕಂಡದ್ದರಿಂದ ಮೊದಲು ಕಣ್ಣಿನ ಕ್ಯಾನ್ಸರ್ ಇರಬಹುದೆಂಬ ಶಂಕೆ ಬಂದಿತ್ತು; ತಪಾಸಣೆಗಳಾದ ಮೇಲೆ, ಅದು ನಾಯಿಯ ಜಂತುಹುಳು ಟಾಕ್ಸೊಕಾರಾದ ಮರಿಹುಳುವಿನಿಂದ ರೆಟಿನಾದಲ್ಲಿ ಉಂಟಾದ ಉರಿಯೂತವೆಂದು ತಜ್ಞರು ನಿರ್ಧರಿಸಿದರು. ಮನೆಗೆ ನಾಯಿಮರಿ ಬಂದದ್ದು ಒಂಬತ್ತು ವರ್ಷದ ಅಕ್ಕನ ಹಟದಿಂದ. ಈಗ ಅವಳು ತಮ್ಮನ ಜೊತೆ ಆಡುವುದಿಲ್ಲ, ಅವನು ಹತ್ತಿರ ಬಂದರೆ ಎದ್ದು ಹೋಗುತ್ತಾಳೆ, ಎಲ್ಲರೂ ಅವನನ್ನೇ ನೋಡಿಕೊಳ್ಳುತ್ತಾರೆಂಬ ಹೊಟ್ಟೆಕಿಚ್ಚಿರಬೇಕು ಎಂಬುದು ಪೋಷಕರ ದೂರು.

ಮೊದಲ ಭೇಟಿಗಳಲ್ಲಿ ಅವಳು ಹೆಚ್ಚೇನೂ ಮಾತಾಡಲಿಲ್ಲ. ಒಮ್ಮೆ ಚಿತ್ರ ಬರೆಯಲು ಬಣ್ಣದ ಪೆನ್ಸಿಲ್ ಕೊಟ್ಟಾಗ ಅವಳ ಕೈ ಕಂಡಿತು. ಬೆರಳ ಸಂದುಗಳ ಚರ್ಮ ಸೋಪಿನಿಂದ ಒಣಗಿ ಬಿರುಕು ಬಿಟ್ಟಿತ್ತು. ಇಷ್ಟೊಂದು ಸಲ ಯಾಕೆ ಕೈ ತೊಳೆಯುತ್ತೀಯ ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಆಂಟಿ, ನನ್ನೊಳಗೆ ಇನ್ನೂ ಹುಳ ಇದೆಯಾ? ನಾನು ಮುಟ್ಟಿದ್ರೆ ಅವನ ಇನ್ನೊಂದು ಕಣ್ಣೂ ಹೋಗುತ್ತಾ?" ಎಂದಳು. ಮನೆಯವರು ಹೊಟ್ಟೆಕಿಚ್ಚು ಎಂದುಕೊಂಡದ್ದು, ತಮ್ಮನನ್ನು ಕಾಪಾಡಲು ಆ ಮಗು ತನಗೆ ತಾನೇ ವಿಧಿಸಿಕೊಂಡ ದೂರವಾಗಿತ್ತು.

ಇಂಥ ಗಳಿಗೆಯಲ್ಲಿ ಸಲಹೆಗಾರರು ಮಗುವಿನ ಭಾವನೆಗೆ ಕಿವಿಯಾಗಬೇಕೇ ಹೊರತು ವೈದ್ಯಕೀಯ ಪಾಠ ಮಾಡಬಾರದೆಂದು ಕೆಲವು ಸಹೋದ್ಯೋಗಿಗಳು ನನ್ನನ್ನು ಆಕ್ಷೇಪಿಸಿದ್ದಾರೆ. ನಾನು ಒಪ್ಪುವುದಿಲ್ಲ. ಅವಳ ಭಯ ನಿಂತಿದ್ದದ್ದು ಒಂದು ತಪ್ಪು ತಿಳಿವಳಿಕೆಯ ಮೇಲೆ. ಅದನ್ನು ಹಾಗೆಯೇ ಬಿಟ್ಟು ಭಯವನ್ನಷ್ಟೇ ಸಂತೈಸುವುದು ನನಗೆ ನ್ಯಾಯವೆನಿಸಲಿಲ್ಲ. ಮಕ್ಕಳ ವೈದ್ಯರೊಂದಿಗೆ ಮಾತಾಡಿ ಖಚಿತಪಡಿಸಿಕೊಂಡ ಬಳಿಕ ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಈ ಹುಳು ಮನುಷ್ಯರ ದೇಹದಲ್ಲಿ ಬೆಳೆದು ಮೊಟ್ಟೆಯಿಡುವುದಿಲ್ಲ, ಆದ್ದರಿಂದ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಅಕ್ಕನಿಂದ ತಮ್ಮನಿಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ. ನಾಯಿಯ ಮಲದಲ್ಲಿ ಹೊರಬಿದ್ದ ಮೊಟ್ಟೆ ಕೂಡ ಕೂಡಲೇ ಸೋಂಕು ತರುವುದಿಲ್ಲ. ಸಾಮಾನ್ಯವಾಗಿ ಮಣ್ಣಿನಲ್ಲಿ 2ರಿಂದ 4 ವಾರ ಕಳೆದ ಮೇಲಷ್ಟೇ ಅದಕ್ಕೆ ಆ ಶಕ್ತಿ ಬರುತ್ತದೆ. ಮಣ್ಣಾದ ಕೈಯನ್ನು ಬಾಯಿಗಿಡುವ ವಯಸ್ಸಿನ ಮಕ್ಕಳಿಗೆ ಅದು ಹೆಚ್ಚು ತಗುಲುವುದು ಈ ಕಾರಣದಿಂದ. ಅವಳು ಎರಡು ಬಾರಿ ಕೇಳಿ ಖಾತ್ರಿ ಮಾಡಿಕೊಂಡಳು. "ಹಾಗಾದ್ರೆ ಎತ್ತಿಕೊಳ್ಳಬಹುದಾ?" ಎಂಬುದು ಅವಳ ಮುಂದಿನ ಪ್ರಶ್ನೆ. ಅವಶ್ಯವಾಗಿ ಎಂದೆ. ನಾಯಿಗೂ ತಮ್ಮನ ಕಾಯಿಲೆಗೂ ಸಂಬಂಧವೇ ಇಲ್ಲವೆಂದು ಮಾತ್ರ ನಾನು ಹೇಳಲಿಲ್ಲ, ಏಕೆಂದರೆ ಸಮಾಧಾನಕ್ಕಾಗಿ ಹೇಳಿದ ಸುಳ್ಳು ಬಯಲಾದ ದಿನ ಮಗು ಉಳಿದ ನಿಜಗಳನ್ನೂ ನಂಬುವುದಿಲ್ಲ.

ತಂದೆ ನಾಯಿಯನ್ನು ಬೇರೆಯವರಿಗೆ ಕೊಟ್ಟುಬಿಡಲು ತೀರ್ಮಾನಿಸಿದ್ದರು. ಸದ್ಯಕ್ಕೆ ಬೇಡವೆಂದು ನಾನು ಹೇಳಿದೆ. ನಾಯಿಯ ಮೇಲಿನ ಕಕ್ಕುಲತೆಯಿಂದ ಹೀಗೆ ಹೇಳಿದೆನೆಂದು ಯಾರೂ ಭಾವಿಸಬಾರದು. ನಾಯಿ ಹೋದರೂ ಅಂಗಳದ ಮಣ್ಣಿನಲ್ಲಿ ಮೊಟ್ಟೆಗಳು ವರ್ಷಗಟ್ಟಲೆ ಜೀವಂತವಾಗಿರಬಲ್ಲವು, ಹುಡುಗಿಯಾದರೋ ಅದನ್ನು ತನಗಾದ ಶಿಕ್ಷೆಯೆಂದೇ ಓದಿಕೊಳ್ಳುತ್ತಿದ್ದಳು. ಪಶುವೈದ್ಯರನ್ನು ಕಾಣದೆ ಮುಂದುವರಿಯಬಾರದೆಂಬ ಷರತ್ತನ್ನು ಜೊತೆಗೇ ಹಾಕಿದೆ. ಮರಿಗಳಿಗೆ ಈ ಹುಳು ತಾಯಿಯ ಗರ್ಭದಲ್ಲಿರುವಾಗಲೇ, ಇಲ್ಲವೇ ಹಾಲಿನ ಮೂಲಕ ಬಂದಿರುತ್ತದೆ; ಆರೋಗ್ಯವಾಗಿ ಕಾಣುವ ಮರಿಯಲ್ಲೂ ಅದು ಇರಬಹುದು. ಆದ್ದರಿಂದಲೇ ಹುಟ್ಟಿದ 2 ವಾರದಿಂದ 8 ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧ ಕೊಡಿಸುವ ಪದ್ಧತಿಯಿದೆ. ಈ ಮನೆಯಲ್ಲಿ ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಮಲವನ್ನು ದಿನವೂ ಎತ್ತಿಹಾಕುವುದು, ಮಕ್ಕಳು ಆಡುವ ಮರಳನ್ನು ಮುಚ್ಚಿಡುವುದು, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಸುವುದು ಇವಿಷ್ಟನ್ನೂ ಪಶುವೈದ್ಯರು ಬರೆದುಕೊಟ್ಟರು.

ಕೊನೆಯ ಭೇಟಿಯಲ್ಲಿ ತಾಯಿ ಒಂದು ಯೋಚನೆ ಮುಂದಿಟ್ಟರು: ಔಷಧದ ದಿನಾಂಕಗಳನ್ನು ಗುರುತಿಟ್ಟು ನೆನಪಿಸುವ ಹೊಣೆಯನ್ನು ಮಗಳಿಗೇ ವಹಿಸಿದರೆ ಅವಳ ಮನಸ್ಸು ಹಗುರಾಗಬಹುದಲ್ಲವೇ? ಸದುದ್ದೇಶದ ಮಾತಾದರೂ ನಾನು ಸ್ಪಷ್ಟವಾಗಿ ಬೇಡವೆಂದೆ. ಒಂದು ಬಾರಿ ಅವಳು ಮರೆತರೂ ತಮ್ಮನ ಕಣ್ಣಿನ ಭಾರವೆಲ್ಲ ಮತ್ತೆ ಅವಳ ತಲೆಯ ಮೇಲೆ ಬೀಳುತ್ತದೆ. ಅದು ದೊಡ್ಡವರ ಕೆಲಸ, ದೊಡ್ಡವರೇ ಮಾಡಿ, ತಪ್ಪಿದ್ದೂ ನಾವೇ ಎಂದು ಅವಳೆದುರು ಒಮ್ಮೆ ಬಾಯಿಬಿಟ್ಟು ಹೇಳಿ ಎಂದೆ. ತಾಯಿ ತಂದೆಯ ಮುಖ ನೋಡಿದರು. ಇವತ್ತೇ ಹೇಳುತ್ತೇನೆ ಎಂದರು ತಂದೆ.