ಐದನೇ ಲೋಕಸಭೆ: ಐದು ವರ್ಷವೂ ಅಲ್ಲ, ಆರು ವರ್ಷವೂ ಅಲ್ಲ

ಪ್ರಶ್ನೆ: ಐದನೇ ಲೋಕಸಭೆಯ ಅವಧಿ ಒಂದು ಕೈಪಿಡಿಯಲ್ಲಿ 1971–76 ಎಂದೂ ಇನ್ನೊಂದರಲ್ಲಿ 1971–77 ಎಂದೂ ಇದೆ. 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಆರು ವರ್ಷಕ್ಕೆ ಏರಿಸಿದ್ದರಿಂದ ಆ ಸದನ ಪೂರ್ತಿ ಆರು ವರ್ಷ ನಡೆಯಿತು ಎಂದು ನಮ್ಮ ತರಬೇತಿ ಕೇಂದ್ರದಲ್ಲಿ ಹೇಳಿಕೊಡುತ್ತಾರೆ. ಯಾವುದು ಸರಿ? (ಓದುಗರು, ಹಾಸನ)

ಉತ್ತರ: ಎರಡನೆಯ ಕೈಪಿಡಿ ಸರಿ, ಮೊದಲನೆಯದು ತಪ್ಪು, ತರಬೇತಿ ಕೇಂದ್ರದ ವಿವರಣೆ ಆ ತಪ್ಪಿಗಿಂತಲೂ ದೊಡ್ಡ ತಪ್ಪು. ಪರೀಕ್ಷೆಯ ಹಂಗಾಮು ಬಂದಾಗಲೆಲ್ಲ ಈ ಪ್ರಶ್ನೆ ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ಪ್ರತಿ ಬಾರಿಯೂ ಉತ್ತರಿಸಿದ್ದೇನೆ, ಪ್ರತಿ ಬಾರಿಯೂ ಹೊಸ ಕೈಪಿಡಿಯೊಂದು ಹಳೆಯ ತಪ್ಪನ್ನೇ ಅಚ್ಚು ಹಾಕಿಸಿಕೊಂಡು ಬರುತ್ತದೆ. ಆದ್ದರಿಂದ ಈ ಸಲ ತಾರೀಖುಗಳನ್ನೇ ಸಾಲಾಗಿ ಮುಂದಿಡುತ್ತೇನೆ.

ಸಂವಿಧಾನದ 83(2)ನೇ ವಿಧಿಯ ಪ್ರಕಾರ ಲೋಕಸಭೆಯ ಅವಧಿಯನ್ನು ಎಣಿಸಬೇಕಾದದ್ದು ಫಲಿತಾಂಶ ಬಂದ ದಿನದಿಂದಲೂ ಅಲ್ಲ, ಸದನ ರಚನೆಯಾಯಿತೆಂಬ ಅಧಿಸೂಚನೆ ಹೊರಟ ದಿನದಿಂದಲೂ ಅಲ್ಲ, ಅದರ ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ಐದನೇ ಲೋಕಸಭೆ ರಚನೆಯಾದದ್ದು 1971ರ ಮಾರ್ಚ್ 15ರಂದು, ಮೊದಲ ಬಾರಿ ಸೇರಿದ್ದು ಮಾರ್ಚ್ 19ರಂದು. ಹಾಗಾಗಿ ಐದು ವರ್ಷ ತುಂಬುವುದು 1976ರ ಮಾರ್ಚ್ 18ಕ್ಕೆ. ನಿಮ್ಮ ಮೊದಲ ಕೈಪಿಡಿಯವರು ಇಲ್ಲಿಗೆ ಲೆಕ್ಕ ನಿಲ್ಲಿಸಿ, ಮುಂದೇನಾಯಿತು ಎಂದು ನೋಡುವ ಗೋಜಿಗೆ ಹೋಗಿಲ್ಲ.

ಆಗ ಜಾರಿಯಲ್ಲಿದ್ದ ತುರ್ತು ಪರಿಸ್ಥಿತಿಯ ಘೋಷಣೆ ಒಂದಲ್ಲ, ಎರಡು ಎಂಬುದನ್ನು ಬಹಳ ಜನ ಮರೆಯುತ್ತಾರೆ: ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ, 1971ರ ಡಿಸೆಂಬರ್ 3ರಂದು, ಹೊರಡಿಸಿದ್ದು ಒಂದು, 1975ರ ಜೂನ್ 25ರದು ಇನ್ನೊಂದು. ತುರ್ತು ಪರಿಸ್ಥಿತಿ ಇರುವಾಗ ಸಂಸತ್ತು ಕಾನೂನಿನ ಮೂಲಕ ಲೋಕಸಭೆಯ ಅವಧಿಯನ್ನು ಒಂದು ಬಾರಿಗೆ ಒಂದು ವರ್ಷ ಮೀರದಂತೆ ವಿಸ್ತರಿಸಬಹುದು ಎಂಬ ಪರಂತುಕ, ಅಂದರೆ ನಿಯಮಕ್ಕೆ ಜೋಡಿಸಿದ ವಿನಾಯಿತಿ, ಅದೇ 83(2)ನೇ ವಿಧಿಯಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ, ಸಾಮಾನ್ಯ ಕಾಯ್ದೆ ಸಾಕು. 1976ರ ಫೆಬ್ರವರಿಯಲ್ಲಿ ಅಂಥ ಕಾಯ್ದೆಯೊಂದನ್ನು ಮಾಡಿ ಅವಧಿಯನ್ನು 1977ರ ಮಾರ್ಚ್ 18ರವರೆಗೆ ಎಳೆದರು; ಅದೇ ವರ್ಷದ ನವೆಂಬರಿನಲ್ಲಿ ಆ ಕಾಯ್ದೆಗೇ ತಿದ್ದುಪಡಿ ತಂದು ಇನ್ನೊಂದು ವರ್ಷ ಸೇರಿಸಿದರು. ಕಾಗದದ ಮೇಲೆ ಐದನೇ ಲೋಕಸಭೆ 1978ರ ಮಾರ್ಚ್ 18ರವರೆಗೆ ಬದುಕಬಹುದಿತ್ತು. ತರಬೇತಿ ಕೇಂದ್ರಗಳ ಆರು ವರ್ಷದ ಕಥೆ ಈ ಒಂದೇ ತಾರೀಖಿಗೆ ಮುರಿದುಬೀಳುತ್ತದೆ, ಏಕೆಂದರೆ ಕಾಯ್ದೆ ಕೊಟ್ಟದ್ದು ಏಳು ವರ್ಷ.

ಹಾಗಾದರೆ 42ನೇ ತಿದ್ದುಪಡಿಯ ಪಾತ್ರವೇನು? ಅದು ಐದು ವರ್ಷವನ್ನು ಆರು ಮಾಡಿದ್ದು ನಿಜ, ಆಗ ಅಸ್ತಿತ್ವದಲ್ಲಿದ್ದ ಸದನಕ್ಕೂ ಅದು ಅನ್ವಯಿಸುತ್ತದೆ ಎಂದು ಬರೆದುಕೊಂಡದ್ದೂ ನಿಜ. ಆದರೆ ಈ ಭಾಗ ಜಾರಿಗೆ ಬಂದದ್ದು 1977ರ ಜನವರಿ 3ರಂದು, ಲೋಕಸಭೆ ವಿಸರ್ಜನೆಯಾದದ್ದು ಜನವರಿ 18ರಂದು. ನಡುವೆ ಇದ್ದದ್ದು ಹದಿನೈದು ದಿನ, ಆ ಹದಿನೈದು ದಿನವೂ ಹಿಂದಿನ ಎರಡು ವಿಸ್ತರಣೆಗಳ ಒಳಗೇ ಇದ್ದವು. ಲೋಕಸಭೆಯ ಮಟ್ಟಿಗೆ ಆ ತಿದ್ದುಪಡಿ ಒಂದು ದಿನವನ್ನೂ ಹೆಚ್ಚಿಗೆ ಕೊಡಲಿಲ್ಲ. ಸದನ ನಿಜವಾಗಿ ಬದುಕಿದ್ದು ಐದು ವರ್ಷ ಹತ್ತು ತಿಂಗಳು. ಆರನೇ ಲೋಕಸಭೆ ಆರು ವರ್ಷದ ನಿಯಮದಡಿಯಲ್ಲೇ ಹುಟ್ಟಿತಾದರೂ 44ನೇ ತಿದ್ದುಪಡಿ ಐದು ವರ್ಷವನ್ನು ಮರಳಿ ತಂದಿತು, ಸದನವೂ 1979ರ ಆಗಸ್ಟ್ 22ರಂದು ವಿಸರ್ಜನೆಯಾಯಿತು. ಆರು ವರ್ಷ ಪೂರೈಸಿದ ಲೋಕಸಭೆ ಈ ದೇಶದಲ್ಲಿ ಇದುವರೆಗೆ ಇಲ್ಲ.

ಆ ತಿದ್ದುಪಡಿಯ ಪರಿಣಾಮ ಕಾಣಬೇಕಾದವರು ರಾಜ್ಯಗಳ ವಿಧಾನಸಭೆಗಳತ್ತ ನೋಡಬೇಕು, ದೂರ ಹೋಗುವ ಅಗತ್ಯವೂ ಇಲ್ಲ. 1972ರಲ್ಲಿ ಚುನಾಯಿತವಾದ ನಮ್ಮದೇ ವಿಧಾನಸಭೆ, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಸದನ, 1977ರ ಡಿಸೆಂಬರ್ 31ರವರೆಗೆ ಉಳಿದದ್ದು ಆರು ವರ್ಷದ ನಿಯಮದ ಆಸರೆಯಿಂದ. ಇಷ್ಟು ಹತ್ತಿರದ ಉದಾಹರಣೆಯನ್ನು ಬಿಟ್ಟು ಲೋಕಸಭೆಗೆ ಆ ಕಥೆಯನ್ನು ಅಂಟಿಸುವವರ ಬಳಿ ಶುಲ್ಕ ಕೊಟ್ಟು ಕಲಿಯುವುದು ಏಕೆಂದು ನನಗೆ ಅರ್ಥವಾಗಿಲ್ಲ.

ಇನ್ನೊಂದು ಎಚ್ಚರಿಕೆ. ಸದನದ ಅವಧಿಯೇ ಸದಸ್ಯರ ಅವಧಿಯಲ್ಲ. ಸದಸ್ಯರ ಪಟ್ಟಿಯಲ್ಲಿ ಎಲ್ಲ ಹೆಸರುಗಳ ಮುಂದೆ 1971–77 ಎಂದು ಕಣ್ಣುಮುಚ್ಚಿ ತುಂಬುವ ಅಭ್ಯಾಸ ಈಗ ಎಲ್ಲೆಡೆ ಹಬ್ಬಿದೆ; ಒಮ್ಮೆ ನನ್ನ ಲೇಖನದ ಜೊತೆ ಕೊಟ್ಟ ಪಟ್ಟಿಯನ್ನೇ ಸಂಪಾದಕರೊಬ್ಬರು ಹೀಗೆ ‘ಸರಿಪಡಿಸಿ’ ಅಚ್ಚು ಮಾಡಿದ್ದರು, ಅದರ ಬಿಸಿ ಇನ್ನೂ ಆರಿಲ್ಲ. ಮಧು ಲಿಮಯೆ ಈ ಸದನಕ್ಕೆ ಬಂದದ್ದು 1973ರಲ್ಲಿ, ಬಿಹಾರದ ಬಾಂಕಾ ಉಪಚುನಾವಣೆಯಲ್ಲಿ ಗೆದ್ದು. ಶರದ್ ಯಾದವ್ ಬಂದದ್ದೂ ಜಬಲಪುರದ ಉಪಚುನಾವಣೆಯಿಂದ. ಜನ ತಮ್ಮನ್ನು ಆರಿಸಿದ್ದು ಐದು ವರ್ಷದ ಸದನಕ್ಕೆ, ಅದು ಮುಗಿದ ಮೇಲೆ ಕುಳಿತುಕೊಳ್ಳುವ ಹಕ್ಕು ತಮಗಿಲ್ಲ ಎಂದು ಇಬ್ಬರೂ 1976ರ ಮಾರ್ಚ್‌ನಲ್ಲಿ ಸೆರೆಯಲ್ಲಿದ್ದುಕೊಂಡೇ ರಾಜೀನಾಮೆ ಕೊಟ್ಟರು. ಇವರಿಬ್ಬರ ಹೆಸರಿನ ಮುಂದೆ 1977 ಎಂದು ಬರೆದರೆ ಅವರು ಯಾವುದನ್ನು ನಿರಾಕರಿಸಿದರೋ ಅದನ್ನೇ ಅವರ ಖಾತೆಗೆ ಜಮಾ ಮಾಡಿದಂತಾಗುತ್ತದೆ. ಪಟ್ಟಿ ಮಾಡುವವರು ಪ್ರತಿ ಹೆಸರಿಗೂ ಬಂದ ದಿನ, ಹೋದ ದಿನ ಎರಡನ್ನೂ ಬೇರೆಬೇರೆಯಾಗಿ ಹುಡುಕಬೇಕು. ಅಷ್ಟು ತಾಳ್ಮೆ ಇಲ್ಲದವರು ಪಟ್ಟಿ ಮಾಡಬಾರದು.

ಪ್ರಶ್ನೆ: ಆಗ ರಾಜ್ಯಸಭೆಯ ಅವಧಿಯನ್ನೂ ವಿಸ್ತರಿಸಿದ್ದರೆ?

ಉತ್ತರ: ವಿಸರ್ಜನೆಯೇ ಇಲ್ಲದ ಸದನಕ್ಕೆ ವಿಸ್ತರಣೆ ಎಲ್ಲಿಂದ ಬರಬೇಕು?

ಪ್ರಶ್ನೆ: ಲೋಕಸಭೆ ವಿಸರ್ಜನೆಯಾದ ಮೇಲೂ ಬಲಿರಾಮ್ ಭಗತ್ ಅವರು ಮಾರ್ಚ್ ತಿಂಗಳವರೆಗೆ ಸಭಾಧ್ಯಕ್ಷರಾಗಿ ಮುಂದುವರಿದದ್ದು ಅಕ್ರಮ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.

ಉತ್ತರ: ಸದನ ವಿಸರ್ಜನೆಯಾದರೂ ಮುಂದಿನ ಸದನದ ಮೊದಲ ಸಭೆಯವರೆಗೆ ಸಭಾಧ್ಯಕ್ಷರು ಸ್ಥಾನ ತೆರವು ಮಾಡಬೇಕಿಲ್ಲ ಎನ್ನುವ ಸಂವಿಧಾನದ 94ನೇ ವಿಧಿಯನ್ನು ಓದಿ, ಸಂದೇಶವನ್ನು ಅಳಿಸಿ.

ಪ್ರಶ್ನೆ: 1971ರ ಸದಸ್ಯರ ಪಟ್ಟಿಗಳಲ್ಲಿ ಒಂದೇ ಕ್ಷೇತ್ರ ಒಮ್ಮೆ ಮೈಸೂರು ರಾಜ್ಯದ ಕೆಳಗೆ, ಒಮ್ಮೆ ಕರ್ನಾಟಕದ ಕೆಳಗೆ ಕಾಣುತ್ತದೆ. ನಮ್ಮ ಸ್ಥಾನಗಳು ಒಟ್ಟು ಎಷ್ಟಿದ್ದವು?

ಉತ್ತರ: 27. ಅಷ್ಟನ್ನೂ ಇಂದಿರಾ ಗಾಂಧಿಯವರ ಕಾಂಗ್ರೆಸ್ ಗೆದ್ದಿತ್ತು. ರಾಜ್ಯದ ಹೆಸರು 1973ರ ನವೆಂಬರ್ 1ರಂದು ಬದಲಾಯಿತು, ಸದನ ಬದಲಾಗಲಿಲ್ಲ. ಎರಡು ಪಟ್ಟಿಗಳನ್ನು ಕೂಡಿಸಿ 54 ಎಂದು ಬರೆದವರೂ ಇದ್ದಾರೆ.

ಪ್ರಶ್ನೆ: ಮೊದಲ ಲೋಕಸಭೆಯ ಪಟ್ಟಿಯಲ್ಲಿ ಮೈಸೂರು ಕ್ಷೇತ್ರಕ್ಕೆ ಇಬ್ಬರು ಸಂಸದರ ಹೆಸರಿದೆ. ಒಬ್ಬರು ಉಪಚುನಾವಣೆಯಲ್ಲಿ ಬಂದವರೆ, ಅಥವಾ ಮುದ್ರಣದೋಷವೆ?

ಉತ್ತರ: ಎರಡೂ ಅಲ್ಲ. 1952ರಲ್ಲಿ ದೇಶದಲ್ಲಿ 86 ದ್ವಿಸದಸ್ಯ ಕ್ಷೇತ್ರಗಳಿದ್ದವು, ಮೈಸೂರು ಅವುಗಳಲ್ಲೊಂದು. ಎನ್. ರಾಚಯ್ಯ ಮತ್ತು ಎಂ.ಎಸ್. ಗುರುಪಾದಸ್ವಾಮಿ ಒಂದೇ ಚುನಾವಣೆಯಲ್ಲಿ, ಒಂದೇ ಕ್ಷೇತ್ರದಿಂದ, ಬೇರೆಬೇರೆ ಪಕ್ಷಗಳಿಂದ ಗೆದ್ದು ಜೊತೆಯಾಗಿಯೇ ದೆಹಲಿಗೆ ಹೋದರು. 1961ರ ಕಾಯ್ದೆ ಈ ಪದ್ಧತಿಯನ್ನು ರದ್ದುಗೊಳಿಸಿತು. ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿ, ಯಾವುದನ್ನೂ ಹೊಡೆದುಹಾಕಬೇಡಿ.