ಅರವತ್ತೊಂದರಲ್ಲಿ ಜಾವಾ ಹತ್ತಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 61. ಅಪ್ಪ 1968ರಲ್ಲಿ ಕೊಂಡ ಜಾವಾ ಮೋಟಾರ್‌ಸೈಕಲ್ಲು ತೌರುಮನೆ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಮನೆ ಪಾಲಾದಾಗ ಯಾರಿಗೂ ಬೇಡವಾಯಿತು, ನಾನು ತರಿಸಿಕೊಂಡೆ. ಧೂಳು ಒರೆಸಲು ಕೂತವಳಿಗೆ ಈಗ ಅದೇ ಧ್ಯಾನ. ಸ್ಕೂಟಿ ಬಿಟ್ಟು ಬೇರೆ ಗಾಡಿ ಮುಟ್ಟಿದವಳಲ್ಲ. ಮಗ ‘ಗುಜರಿಗೆ ಹಾಕಮ್ಮ’ ಅನ್ನುತ್ತಾನೆ. ಓಡಿಸುವ ಆಸೆ ಈ ವಯಸ್ಸಿಗೆ ಅತಿಯಾಯಿತೇ? ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಹಾಸನ

ಉತ್ತರ: ಗುಜರಿಯವನು ಇಡೀ ಗಾಡಿಗೆ ಕೊಡುವುದಕ್ಕಿಂತ ಹೆಚ್ಚು ದುಡ್ಡನ್ನು ಅದರ ಟ್ಯಾಂಕೊಂದಕ್ಕೇ ಕೊಡುವವರಿದ್ದಾರೆ ಎಂದು ಮಗನಿಗೆ ಹೇಳಿ, ಮೇಡಂ. ಸುಮ್ಮನಾಗುತ್ತಾನೆ.

ನನಗೂ ಈ ಗೀಳು ಹತ್ತಿದ್ದು ಐವತ್ತು ದಾಟಿದ ಮೇಲೆ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ. 1961ರಿಂದ ಗಾಡಿ ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಮುಂದೆ ಸೈಕಲ್ಲಿನಲ್ಲಿ ಓಡಾಡಿದವನು, ಒಂದು ದಿನವೂ ಆ ಗೇಟಿನ ಕಡೆ ತಿರುಗಿ ನೋಡಲಿಲ್ಲ. 1996ರಲ್ಲಿ ಅದು ಮುಚ್ಚಿದ ಸುದ್ದಿಯನ್ನೂ ಓದಿ ಪೇಪರ್ ಮಡಚಿಟ್ಟೆ. ಎಷ್ಟೋ ವರ್ಷದ ಮೇಲೆ ಹಳೇ ಮೆಕ್ಯಾನಿಕ್ ಒಬ್ಬರ ಶೆಡ್ಡಿನಲ್ಲಿ ಬಿಚ್ಚಿಟ್ಟ ಎಂಜಿನ್ ಕಂಡೆ. ಟೂ ಸ್ಟ್ರೋಕು, ವಾಲ್ವಿಲ್ಲ, ಕ್ಯಾಮಿಲ್ಲ. ಒಂದೇ ಸಿಲಿಂಡರು, ಅದಕ್ಕೆ ಜೋಡಿ ಸೈಲೆನ್ಸರು. ಇಷ್ಟೇನಾ ಅನ್ನಿಸಿತು. ಅವತ್ತಿನಿಂದ ಆ ಶೆಡ್ಡು ಬಿಟ್ಟಿಲ್ಲ. ಹರೆಯದಲ್ಲಿ ಈ ಗಾಡಿ ಸಿಕ್ಕಿದ್ದರೆ ಬರೀ ಓಡಿಸುತ್ತಿದ್ದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಉಜ್ಜಿ ಗ್ಯಾಪ್ ನೋಡುವ ತಾಳ್ಮೆ ಆಗೆಲ್ಲಿತ್ತು? ಹಾಗಾಗಿ ಅತಿಯಾಯಿತೇ ಎಂದು ನನ್ನನ್ನು ಕೇಳಬೇಡಿ!

ಶುರು ಮಾಡಬೇಕಾದದ್ದು ಕಾಗದಪತ್ರದಿಂದ. ಎಂವೈ (ಆಗಿನ ಮೈಸೂರು ರಾಜ್ಯದ) ನಂಬರಿನ ಹಳೇ ಆರ್‌ಸಿ ಪುಸ್ತಕವನ್ನು ಟ್ರಂಕು, ಬೀರು ಎಲ್ಲ ತಡಕಿ ಹುಡುಕಿ. ಅಪ್ಪ ತೀರಿಕೊಂಡಿದ್ದರೆ ಫಾರಂ 31ರ ಜೊತೆ ಮರಣ ಪ್ರಮಾಣಪತ್ರ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಬೇಕು. ಅಣ್ಣತಮ್ಮಂದಿರ ಒಪ್ಪಿಗೆಯನ್ನು ಈಗಲೇ ಬರೆಸಿಟ್ಟುಕೊಳ್ಳಿ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ, ಹಳೇ ನಂಬರನ್ನೇ ಉಳಿಸಿಕೊಳ್ಳಲೂ ಬಹುದು. ಆದರೆ ಹಾಗೆ ನೋಂದಾಯಿಸಿದ ಗಾಡಿಯಲ್ಲಿ ದಿನಾ ತರಕಾರಿಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬೇಕು. ಆಗಾಗ ಓಡಿಸುವ ಆಸೆ ನಿಮ್ಮದು, ಆದ್ದರಿಂದ ಮಾಮೂಲಿ ನೋಂದಣಿಯನ್ನೇ ನವೀಕರಿಸಲು ಆಗುತ್ತದೆಯೇ ಎಂದು ಆರ್‌ಟಿಓದಲ್ಲಿ ಮೊದಲು ವಿಚಾರಿಸಿ. ನಿಮ್ಮ ಲೈಸೆನ್ಸು ಗೇರಿಲ್ಲದ ಗಾಡಿಯದಾಗಿದ್ದರೆ ಗೇರ್ ಗಾಡಿಯದನ್ನೂ ಸೇರಿಸಿಕೊಳ್ಳಿ.

ಗಾಡಿಗೆ ಈಗಲೇ ಕಿಕ್ ಹೊಡೆಯಲು ಹೋಗಬೇಡಿ. ವರ್ಷಗಟ್ಟಲೆ ನಿಂತದ್ದರಲ್ಲಿ ಪಿಸ್ಟನ್ ರಿಂಗು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿರಬಹುದು. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಒಂದಿಷ್ಟು ಎಣ್ಣೆ ಬಿಟ್ಟು, ಎರಡು ದಿನ ನೆನೆಸಿ, ಆಮೇಲೆ ನಿಧಾನ ತಿರುಗಿಸಲಿ. ಟ್ಯಾಂಕಿನೊಳಗಿನ ತುಕ್ಕು ತೊಳೆಯದೆ ಹೊಸ ಪೆಟ್ರೋಲ್ ಬೇಡ. ಬಣ್ಣ, ಕ್ರೋಮು ಆಮೇಲೆ. ಹೊಳೆಯುವಂತೆ ಮಾಡಿಕೊಡುತ್ತೇನೆ ಎನ್ನುವವರು ಬಹಳ ಸಿಗುತ್ತಾರೆ. ಅಪ್ಪನ ಮಂಡಿ ತಾಗಿ ಸವೆದ ಟ್ಯಾಂಕಿನ ರಬ್ಬರನ್ನು ಕಿತ್ತೆಸೆದ ಮೇಲೆ ಅದನ್ನು ಯಾವ ಅಂಗಡಿಯಲ್ಲಿ ತರುತ್ತೀರಿ?

ಇನ್ನು ಓಡಿಸುವುದು. ಕಿಕ್ಕರೂ ಗೇರೂ ಒಂದೇ ಲಿವರು: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರು, ಗಾಡಿ ಶುರುವಾದ ಮೇಲೆ ಕೆಳಗಿಳಿಸಿದರೆ ಗೇರು. ಬುಲೆಟ್‌ಗಿಂತ ಹಗುರ, ನಿಮಗೆ ನಿಭಾಯಿಸಲು ಆಗುತ್ತದೆ. ಖಾಲಿ ಮೈದಾನದಲ್ಲಿ ಕಲಿಯಿರಿ. ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಲೇಬೇಕು. ಎಂಜಿನ್ನಿನ ಒಳಗೆ ಪಿಸ್ಟನ್ನಿಗೆ ಸಿಗುವ ಎಣ್ಣೆ ಅದೊಂದೇ. ನೀವು ಹಾಸನದವರಾದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ: ಮುಂದೆ ಯಾವತ್ತಾದರೂ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ, ಆಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯುತ್ತ ಹೋಗಬೇಡಿ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಂತೆ, ಪಿಸ್ಟನ್ ಸೀಜ್ ಆಗಿ ಸಿಲಿಂಡರಿನೊಳಗೇ ಕಚ್ಚಿಕೊಳ್ಳಬಹುದು. ಆಗಾಗ ಕ್ಲಚ್ ಹಿಡಿದು ಒಂದು ಚೂರು ರೇಸ್ ಕೊಡುತ್ತಿರಿ.

ಬಿಡಿಭಾಗಕ್ಕೆ ಹೆದರಬೇಡಿ. ಜುಲೈ ಎರಡನೇ ಭಾನುವಾರ ಜಾವಾ ದಿನ. ಬೆಂಗಳೂರು, ಮೈಸೂರಿನಲ್ಲಿ ಹಳೇ ಗಾಡಿಗಳವರೆಲ್ಲ ಸೇರುತ್ತಾರೆ. ಯಾವ ಸಾಮಾನು ಯಾರ ಹತ್ತಿರ ಅಸಲಿ, ಯಾರ ಹತ್ತಿರ ನಕಲಿ ಎಂದು ಅಲ್ಲಿ ನಿಂತಲ್ಲೇ ತಿಳಿಯುತ್ತದೆ. ಈ ಸಲ ಬಸ್ಸಿನಲ್ಲೇ ಬನ್ನಿ. ಮುಂದಿನ ಸಲ ಗಾಡಿಯಲ್ಲಿ ಬಂದರೆ ಮಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬನ್ನಿ.